ಸರ್ಟಿಫಿಕೇಟ್ ನಂಬದ ಕಂಪ್ಯೂಟರ್

ನಿಮಗೆ ಕಂಪ್ಯೂಟರ್ ಎಷ್ಟು ಗೊತ್ತು ಎಂದು ಯಾರಾದರೂ ಕೇಳಿದರೆ ದಯವಿಟ್ಟು 'ಏನೂ ಗೊತ್ತಿಲ್ಲ' ಎಂದುಬಿಡಿ. ಹಾಗೆನ್ನದೆ ಕಳೆದ ಶುಕ್ರವಾರ ನಾನು ಮರ್ಯಾದೆ ಕಳೆದುಕೊಂಡೆ.

ಅಥಣಿಯಲ್ಲಿ ಅಪ್ಪಾಸಾಹೇಬರದ್ದೊಂದು ಡಿಟಿಪಿ ಅಂಗಡಿ. ಕನ್ನಡ, ಮರಾಠಿ ಎರಡರಲ್ಲೂ ಮದುವೆ ಪತ್ರಿಕೆ ಮಾಡುತ್ತಾರೆ. ಆನ್‌ಲೈನ್ ಅರ್ಜಿಯನ್ನೂ ತುಂಬಿಕೊಡುತ್ತಾರೆ. ನನ್ನ ವಿಸಿಟಿಂಗ್ ಕಾರ್ಡ್ ತರಲೆಂದು ಹೋದರೆ (ಹೌದು, 'ಕಂಪ್ಯೂಟರ್ ಉಪನ್ಯಾಸಕ' ಎಂದೇ ಹಾಕಿಸಿದ್ದೇನೆ) ಪಕ್ಕದ ಸತ್ತಿ ಊರಿನ ಸವಿತಾ ಎಂಬ ತರುಣಿ ಅಳುಮುಖ ಮಾಡಿಕೊಂಡು ಕೂತಿದ್ದಳು. ಸರ್ಕಾರಿ ನರ್ಸ್ ಹುದ್ದೆಗೆ ಅರ್ಜಿ. ವಯಸ್ಸಿನ ಮಿತಿ ಮೀರುವ ಮುನ್ನ ಆಕೆಗೆ ಇದೇ ಕೊನೆಯ ಅವಕಾಶ. ಸಂಜೆ ಐದಕ್ಕೆ ಅರ್ಜಿಯ ಬಾಗಿಲು ಬಂದ್. ಆಗಲೇ ಮೂರು ಗಂಟೆ. ಊರಲ್ಲಿ ಕರೆಂಟಿಲ್ಲ, ಇನ್ವರ್ಟರ್ ಇದ್ದದ್ದು ಇಲ್ಲಿ ಮಾತ್ರ.

"ಛಲೋ ಆತ್ ಬರ್ರಿ ಸರ" ಎಂದರು ಅಪ್ಪಾಸಾಹೇಬರು. "ಹಳೇ ವೆಬ್‌ಸೈಟ್ ಸುಮ್ಮನ ತೆರೀತಿತ್ತು. ಈಗ ಸೆಕ್ಯೂರ್ ಮಾಡ್ಯಾರಂತ. ಒಳಗ ಬಿಡವಲ್ದು."

ತೆರೆಯ ಮೇಲೆ ಇಂಗ್ಲಿಷಿನಲ್ಲಿ ಎಚ್ಚರಿಕೆ ಬಂತು. ಅದನ್ನೆಲ್ಲ ಓದುವವರು ಯಾರು? ಮುಚ್ಚಿದೆ. ತಪ್ಪು ಎನ್‌ಕ್ರಿಪ್ಷನ್ ಲೈಬ್ರರಿಯದ್ದೇ ಎಂದು ತೀರ್ಪು ಕೊಟ್ಟೆ. (ನಾವು ಕಳಿಸಿದ್ದು ದಾರಿಯಲ್ಲಿ ಬೇರೆಯವರಿಗೆ ಓದಲು ಬಾರದಂತೆ ಗುಟ್ಟಿನ ಲಿಪಿಗೆ ಬದಲಿಸುವ ಸಾಫ್ಟ್‌ವೇರ್ ಅದು.) ತೆಗೆದೆ. ಹೊಸದು ಹಾಕಿದೆ. ಅದರ ಸೆಟ್ಟಿಂಗ್‌ಗಳಿರುವ ಕಾನ್ಫಿಗರೇಷನ್ ಫೈಲಿನಲ್ಲಿ ನಾಲ್ಕು ಸಾಲು ತಿದ್ದಿದೆ. ರೀಸ್ಟಾರ್ಟ್. ಮತ್ತೆ ಅದೇ ಎಚ್ಚರಿಕೆ! ನಾಲ್ಕೂವರೆಯಾಯಿತು.

"ಸಿಟ್ಟಾಗಬ್ಯಾಡ್ರಿ ಸರ" ಎಂದಳು ಸವಿತಾ. "ಸರ್ಟಿಫಿಕೇಟ್ ಇನ್ನೂ ಚಾಲೂ ಆಗಿಲ್ಲ ಅಂತ ಬರದೈತಲ್ರಿ. ಈ ಮೂಲ್ಯಾಗಿನ ತಾರೀಖ ನೋಡ್ರಿ, ಮೂರು ವರ್ಷ ಹಿಂದಿಂದೈತಿ."

ನಿಜ! ವೆಬ್‌ಸೈಟ್ ತಾನು ಅಸಲಿ ಎಂದು ಹೋದ ತಿಂಗಳು ಪಡೆದ ಸರ್ಟಿಫಿಕೇಟ್ ತೋರಿಸುತ್ತಿದೆ. ನಮ್ಮ ಕಂಪ್ಯೂಟರಿಗೆ ಆ ತಿಂಗಳು ಬರಲು ಇನ್ನೂ ಮೂರು ವರ್ಷ ಬೇಕು. ನಂಬುವುದು ಹೇಗೆ?

ಅಪ್ಪಾಸಾಹೇಬರು ಮೀಸೆಯಲ್ಲೇ ನಕ್ಕರು. "ಅದು ನಾನ ಇಟ್ಟಿದ್ದರಿ. ಅಕ್ಷರದ ಸಾಫ್ಟ್‌ವೇರ್ ಮೂವತ್ತು ದಿನ ಫುಕಟ್ ಐತಿ. ದಿನಾ ಮುಂಜಾನೆ ತಾರೀಖ ಹಿಂದ ಸರಸ್ತೀನಿ. ಮೂರು ವರ್ಷಾತು, ಮೂವತ್ತು ದಿನ ಇನ್ನೂ ಮುಗದಿಲ್ಲ ನೋಡ್ರಿ!"

ಬೈಯಲೇ, ನಗಲೇ? 'ಮೊದಲು ಎರರ್ ಮೆಸೇಜ್ ಓದಿ' ಎಂದು ವರ್ಷವಿಡೀ ಕ್ಲಾಸಿನಲ್ಲಿ ಗಂಟಲು ಹರಿದುಕೊಳ್ಳುವವನು ನಾನು. ಓದಿದ್ದು ಸವಿತಾ. ನಾಚಿಕೆಯಾಯಿತು. ನಾವೂ ಹೀಗೇ ಅಲ್ಲವೇ? ಕಾಲ ನಮ್ಮ ತಲೆಯೊಳಗೆ ನಿಂತಿರುತ್ತದೆ, ಅನುಮಾನ ಮಾತ್ರ ಎದುರಿಗಿದ್ದವರ ಮೇಲೆ.

ತಾರೀಖು ಸರಿ ಮಾಡಿದ್ದೇ ತಡ, ವೆಬ್‌ಸೈಟ್ ತೆರೆಯಿತು. ಐದಕ್ಕೆ ಎಂಟು ನಿಮಿಷ ಇರುವಾಗ 'ಅರ್ಜಿ ಸ್ವೀಕರಿಸಲಾಗಿದೆ' ಎಂದು ಬಂತು. ಸವಿತಾ ಕುರ್ಚಿಯಿಂದ ಎದ್ದೇಬಿಟ್ಟಳು. ನನಗೂ ಪಾಸಾದಷ್ಟೇ ಖುಷಿ.

ಅತ್ತ ಮದುವೆ ಪತ್ರಿಕೆಯವರು ಕಾಯುತ್ತಿದ್ದರು. ಅಪ್ಪಾಸಾಹೇಬರು ಪಟಪಟನೆ ತಾರೀಖನ್ನು ಮತ್ತೆ ಹಿಂದಕ್ಕೆ ಸರಿಸಿ, ಆಮೇಲೆ ಅರ್ಜಿಯ ರಸೀದಿಗೆ ಪ್ರಿಂಟ್ ಕೊಟ್ಟರು. ಕಾಗದದ ಅಡಿಯಲ್ಲಿ ಪ್ರಿಂಟಾದ ತಾರೀಖು ಮೂರು ವರ್ಷ ಹಳೆಯದು!

ಸವಿತಾ ಅದನ್ನು ನೋಡಿದಳು, ನನ್ನನ್ನು ನೋಡಿದಳು: "ಸರ, ಹಂಗಾರ ಮೂರು ವರ್ಷದ ಸೀನಿಯಾರಿಟಿನೂ ಕೊಡ್ತಾರೇನ್ರಿ?"