ಗೆದ್ದಲಮ್ಮ

ಕಂಪನಿಯಲ್ಲಿ ಎಲ್ಲರೂ ಅವಳನ್ನು ಗೆದ್ದಲಮ್ಮ ಎಂದೇ ಕರೆಯುತ್ತಿದ್ದರು. ಮನೆ, ಗೋದಾಮುಗಳಿಗೆ ಹೋಗಿ ಹುಳುಹುಪ್ಪಟೆಗೆ ಔಷಧಿ ಹೊಡೆಯುವ ಕಂಪನಿ ಅದು. ಅವಳು ಬಾಗಿಲ ಚೌಕಟ್ಟಿಗೆ ಕಿವಿಗೊಟ್ಟು ಬೆರಳಿನಿಂದ ತಟ್ಟಿ, ಎಲ್ಲಿ ಟೊಳ್ಳಾಗಿದೆ ಎಂದು ತೋರಿಸುವಳು. ಕೆಲಸದವರು ಅಲ್ಲಿ ತೂತು ಕೊರೆದು ವಿಷ ಬಿಡುವರು.

ಪ್ರಾಣಿಶಾಸ್ತ್ರದಲ್ಲಿ ಎಂಎಸ್‌ಸಿ ಮುಗಿಸಿದಾಗ ಅವಳು ಅಂದುಕೊಂಡಿದ್ದು ಇದನ್ನಲ್ಲ. ಫಲಿತಾಂಶ ಬಂದ ದಿನ ಮನೆಯಲ್ಲಿ ತಲೆಗೊಂದು ಸಲಹೆ. "ಬಿಎಡ್ ಮಾಡಿಬಿಡು, ಟೀಚರ್ ಆದ್ರೆ ನೆಮ್ಮದಿ," ಎಂದರು ಚಿಕ್ಕಪ್ಪ. ಅಣ್ಣ ಬ್ಯಾಂಕ್ ಪರೀಕ್ಷೆಯ ದಪ್ಪ ಪುಸ್ತಕ ತಂದಿಟ್ಟ. ಅತ್ತಿಗೆಗೆ ಗೊತ್ತಿದ್ದ ಯಾರೋ ಔಷಧಿ ಕಂಪನಿಯ ಬ್ಯಾಗು ಹಿಡಿದು ಡಾಕ್ಟರುಗಳ ಬಾಗಿಲು ಕಾದೂ ಕಾದೂ ಕಾರು ಕೊಂಡಿದ್ದರಂತೆ.

"ನಾನು ಪಿಎಚ್‌ಡಿ ಮಾಡ್ತೀನಿ, ಗೆದ್ದಲಿನ ಮೇಲೆ," ಎಂದಳು ಇವಳು.

"ಅದಕ್ಕೆ ಯೂನಿವರ್ಸಿಟಿ ಯಾಕೆ? ನಮ್ಮ ಬಚ್ಚಲ ಬಾಗಿಲು ಸಾಲದಾ?" ಎಂದ ಅಣ್ಣ. ಅಮ್ಮ ನಗು ತಡೆಯಲಾರದೆ ಒಳಗೆ ಹೋದಳು.

ಬೆನ್ನಿಗೆ ನಿಂತವರು ಪಾಠ ಹೇಳಿದ್ದ ಮೇಡಂ ಒಬ್ಬರೇ. ಕಾಲೇಜಿನ ನೆಲಮಾಳಿಗೆಯ ಕೋಣೆಯಲ್ಲಿ, ಗಾಜಿನ ತೊಟ್ಟಿಯೊಳಗೆ ತಾವು ಸಾಕಿದ್ದ ಗೂಡನ್ನು ಅವಳ ಕೈಗೊಪ್ಪಿಸಿದರು. ಬೆರಳಿನಷ್ಟು ಉದ್ದದ ರಾಣಿ ಅದರೊಳಗಿತ್ತು. ಮಣ್ಣಿನ ತೇವ ಆರದಂತೆ ನೋಡಿಕೊಳ್ಳುವುದು, ಹುಳುಗಳ ಓಡಾಟ ಬರೆದಿಡುವುದು, ಇದರಲ್ಲೇ ಅವಳಿಗೆ ಹೊತ್ತು ಹೋಗಿದ್ದು ತಿಳಿಯುತ್ತಿರಲಿಲ್ಲ. ಮೂರನೇ ವರ್ಷ ಮೇಡಂಗೆ ಪಾರ್ಶ್ವವಾಯು ಹೊಡೆಯಿತು.

ಅವರ ಜಾಗಕ್ಕೆ ಬಂದ ಸರ್ ಕೆಟ್ಟವರೇನಲ್ಲ. "ನೋಡಮ್ಮ, ನನಗೆ ಗೆದ್ದಲಿನ ಗಂಧಗಾಳಿ ಇಲ್ಲ. ವಿಷಯ ಬದಲಾಯಿಸ್ಕೊಂಡು ಮೊದಲಿಂದ ಶುರು ಮಾಡು. ಇಲ್ಲಾಂದ್ರೆ ಬೇರೆ ಗೈಡ್ ನೋಡ್ಕೋ," ಎಂದರು. ಅವಳು ಊರೂರು ಅಲೆದಳು. ಎಲ್ಲೆಡೆಯೂ ಜಾಗ ಭರ್ತಿಯಾಗಿತ್ತು. ಅಷ್ಟರಲ್ಲಿ ನೆಲಮಾಳಿಗೆಗೆ ಹೊಸ ಯಂತ್ರವೊಂದು ಬಂತು, ಯಂತ್ರಕ್ಕೆಂದು ಎಸಿ ಬಂತು. ಒಣಗಾಳಿಗೆ ಗೂಡು ಬಿರುಕು ಬಿಟ್ಟಿತು. ಒದ್ದೆ ಬಟ್ಟೆ ಹೊದಿಸಿ ನೋಡಿದಳು. ಒಂದು ಬೆಳಿಗ್ಗೆ ಬಂದಾಗ ರಾಣಿ ಸತ್ತಿತ್ತು, ಅದರ ಸುತ್ತ ಹುಳುಗಳೆಲ್ಲ ಸತ್ತು ರಾಶಿ ಬಿದ್ದಿದ್ದವು. ಕಾಗದದಲ್ಲಿ ಸುತ್ತಿ ಹೊರಗಿನ ಮರದ ಬುಡಕ್ಕೆ ಸುರಿದು, ಬಸ್ಸು ಹತ್ತಿದ ಮೇಲೆ ಅತ್ತಳು.

ಅಪ್ಪ ನಿವೃತ್ತರಾಗಿದ್ದರು. ಈಗ ಬಿಎಡ್ ಓದುತ್ತಾ ಕೂರುವ ಹಾಗಿರಲಿಲ್ಲ. ಪತ್ರಿಕೆಯಲ್ಲಿ ಜಾಹೀರಾತು ನೋಡಿ ಈ ಕಂಪನಿಗೆ ಹೋದಳು. ಮ್ಯಾನೇಜರ್ ಅವಳ ಕಾಗದಪತ್ರ ತಿರುವಿಹಾಕಿ ನಕ್ಕ. "ಸಾಕೋದು ಗೊತ್ತಿದ್ರೆ ಸಾಯಿಸೋದೂ ಗೊತ್ತಿರುತ್ತಲ್ಲ. ನಾಳೆಯಿಂದ ಬನ್ನಿ."

ಕೆಲಸಕ್ಕೆ ಸೇರಿದ ಮೇಲೆ ಒಂದು ಭಾನುವಾರ ಮೇಡಂ ಮನೆಗೆ ಹೋದಳು. ಮೇಡಂ ಕಿಟಕಿ ಪಕ್ಕ ಕುರ್ಚಿಯಲ್ಲಿದ್ದರು. ಮುಖದ ಒಂದು ಬದಿ ಜೋತುಬಿದ್ದಿತ್ತು. ಅವಳ ಗುರುತು ಸಿಕ್ಕಂತೆ ಕಾಣಲಿಲ್ಲ. ಆದರೂ ತೊದಲುತ್ತಾ ಕೇಳಿದರು. "ರಾಣಿ... ಹೇಗಿದ್ದಾಳೆ?"

ಅವಳು ಕುರ್ಚಿಯ ಹತ್ತಿರಕ್ಕೆ ಬಗ್ಗಿದಳು. "ಚೆನ್ನಾಗಿದ್ದಾಳೆ ಮೇಡಂ. ಮೊಟ್ಟೆ ಇಡ್ತಿದ್ದಾಳೆ."

"ನೀರು... ಚಿಮುಕಿಸು."

"ದಿನಾ ಚಿಮುಕಿಸ್ತೀನಿ."

ಗೇಟಿನವರೆಗೆ ಬಂದ ಮೇಡಂ ಯಜಮಾನರು ದನಿ ತಗ್ಗಿಸಿದರು. "ಗೂಡು ಹೋದ ವಿಷಯ ನಂಗೊತ್ತು. ಅವಳಿಗೆ ನೆನಪಿರೋದು ಅದೊಂದೇ. ಬರ್ತಾ ಇರಮ್ಮ."

ಬಿಡುವಾದಾಗಲೆಲ್ಲ ಹೋದಳು. ಹೋದಾಗಲೆಲ್ಲ ಒಂದು ಹೊಸ ಸುಳ್ಳು. ರೆಕ್ಕೆ ಹುಳುಗಳು ಎದ್ದವು ಎಂದ ದಿನ ಮೇಡಂ ಸೊಟ್ಟ ಬಾಯಲ್ಲೇ ನಕ್ಕಿದ್ದರು. ಎಷ್ಟು ಉಜ್ಜಿ ತೊಳೆದರೂ ಔಷಧಿಯ ವಾಸನೆ ಹೋಗದ ಕೈಗಳನ್ನು ಅವಳು ಸೆರಗಿನಡಿ ಇಟ್ಟುಕೊಂಡೇ ಮಾತಾಡುತ್ತಿದ್ದಳು. ಬರಬರುತ್ತಾ ಮೇಡಂ ಕೇಳುವುದನ್ನೂ ನಿಲ್ಲಿಸಿದರು.

ಅವರು ತೀರಿಕೊಂಡ ಸುದ್ದಿ ಬಂದ ಬೆಳಿಗ್ಗೆ ಅವಳು ಅರ್ಧ ದಿನ ರಜೆ ಕೇಳಿದಳು.

"ಯಾರು ಹೋಗಿದ್ದು?" ಎಂದ ಮ್ಯಾನೇಜರ್.

"ನಮ್ಮ ದೊಡ್ಡಮ್ಮ," ಎಂದಳು.

ರಜೆ ಸಿಕ್ಕಿತು. ಮಧ್ಯಾಹ್ನ ಒಂದು ಗೋದಾಮಿನಲ್ಲಿ ಗೆದ್ದಲಿಗೆ ಔಷಧಿ ಹೊಡೆಯುವ ಕೆಲಸವಿತ್ತು. ಅಂತ್ಯಕ್ರಿಯೆ ಮುಗಿಸಿ, ಊಟ ಮಾಡದೆ ನೇರ ಅಲ್ಲಿಗೇ ಹೋದಳು.