ಆಟದಲ್ಲಿ ಬೈಯುವವರಿಲ್ಲ

ಮುದ್ದೇಬಿಹಾಳದ ಕಡೆಯ ಖೇಮಪ್ಪ ಕುಂಕಳ್ಳಿಯ ತಗಡಿನ ಡಬ್ಬಿ ಕಾರ್ಖಾನೆಗೆ ಸೇರಿ ಹತ್ತೊಂಬತ್ತು ವರ್ಷವಾಗಿತ್ತು. ಏಳನೆಯ ವರ್ಷ ಪ್ರೆಸ್ ಮಷೀನು ಅವನ ಬಲಗೈಯ ಎರಡು ಬೆರಳು ತಿಂದಿತು. ಆಮೇಲೆ ಹೊಸಬರಿಗೆ ಕೆಲಸ ಕಲಿಸುವುದು ಅವನ ಪಾಲಿಗೆ ಬಂತು.

ಈ ವರ್ಷ ಆಫೀಸಿನವರು ಸುರಕ್ಷತೆ ಕಲಿಸಲೆಂದು ಟ್ಯಾಬಿನಲ್ಲಿ ಒಂದು ಆಟ ತರಿಸಿದರು. ಹಳದಿ ಹೆಲ್ಮೆಟ್ಟಿನ ವೀರನೊಬ್ಬ 'ಅಪಾಯ' ಎಂಬ ರಾಕ್ಷಸನನ್ನು ಓಡಿಸುತ್ತಾನೆ. ಕೈಗವಸು ಮುಟ್ಟಿದರೆ ಒಂದು ನಕ್ಷತ್ರ. ಹತ್ತೇ ನಿಮಿಷದಲ್ಲಿ ಎಲ್ಲರಿಗೂ ಪೂರ್ತಿ ನಕ್ಷತ್ರ. ಹಾಗೆ ಗೆದ್ದ ಹೊಸ ಹುಡುಗ ಲಕ್ಷ್ಮಪ್ಪ ಮೂರನೆಯ ದಿನವೇ, ಸಿಕ್ಕಿಬಿದ್ದ ತಗಡು ಎಳೆಯಲು ಓಡುವ ಮಷೀನಿಗೆ ಕೈ ಹಾಕಿದ. ಖೇಮಪ್ಪ ಹಾರಿಬಂದು ನಿಲ್ಲಿಸುವ ಬಟನ್ ಒತ್ತದಿದ್ದರೆ ಕೈ ಹೋಗುತ್ತಿತ್ತು.

"ಆಟದಾಗ ಕಲ್ತಿದ್ದಿಲ್ಲೇನಲೇ?"

"ಕಲ್ತಿದ್ನಿರಿ. ಆದ್ರ ಆಟದಾಗ ಯಾರೂ ಬೈಯೂದಿಲ್ರಿ. ಇಲ್ಲಿ ಸೂಪರ್‌ವೈಸರ್ ತಲಿ ಮ್ಯಾಲೆ ನಿಂತು ಲಗೂ ಲಗೂ ಅನ್ನಾಕತ್ತಿದ್ರು."

ಖೇಮಪ್ಪನಿಗೆ ಆ ಆಟದ ಮೇಲೆಯೇ ಸಿಟ್ಟು ಬಂತು. ಆಟದ ಕಥೆ ಬರೆದವಳು ಪಣಜಿಯ ಮೀನಾ. ಅವಳ ತಂದೆಯೂ ವಿಜಯಪುರದಿಂದ ಬಂದು ಬಂದರಿನಲ್ಲಿ ಹಮಾಲಿ ಮಾಡಿದವನು. ಅವಳು ಕಾರ್ಖಾನೆಗೆ ಬಂದಾಗ ಖೇಮಪ್ಪ ಹಿಡಿದು ಕೂರಿಸಿದ.

"ನೋಡವ್ವ, ನಿನ್ನ ರಾಕ್ಷಸನ್ನ ನಾ ಇಲ್ಲಿ ಒಮ್ಮೆನೂ ಕಂಡಿಲ್ಲ. ಕೈ ಹಾಕಬಾರ್ದು ಅಂತ ನನಗ ಗೊತ್ತಿತ್ತು. ಗೊತ್ತಿದ್ದೂ ಹಾಕಿದ್ನಿ. ಅದನ್ನ ಬರಿ."

ಮೀನಾ ಬರೆದಳು. ಹೊಸ ಕಥೆಯಲ್ಲಿ ತಗಡು ಸಿಕ್ಕಿಬೀಳುತ್ತದೆ, ಸೂಪರ್‌ವೈಸರ್ ಕೂಗುತ್ತಾನೆ, ಮಷೀನು ನಿಲ್ಲಿಸಿದರೆ ಆ ದಿನದ ಟಾರ್ಗೆಟ್ ತಪ್ಪುತ್ತದೆ. ಏನು ಮಾಡಬೇಕೆಂದು ಆಡುವವನೇ ನಿರ್ಧರಿಸಬೇಕು. ಆಫೀಸಿನವರು, ನಮ್ಮಲ್ಲಿ ಯಾರೂ ಹಾಗೆ ಕೂಗುವುದಿಲ್ಲ ಎಂದು ಸೂಪರ್‌ವೈಸರನ ಪಾತ್ರವನ್ನೇ ತೆಗೆಸಿ, ಉಳಿದದ್ದನ್ನಷ್ಟೇ ಆಟಕ್ಕೆ ಸೇರಿಸಿದರು.

"ಭಾಳ ಹೇಳಿದ್ನಿರಿ ಕಾಕಾ, ಕೇಳ್ಲಿಲ್ರಿ," ಎಂದು ಮೀನಾ ಫೋನ್ ಮಾಡಿದಳು.

ಹೊಸಬರ ಮುಂದಿನ ತಂಡದಲ್ಲಿ ಹನ್ನೊಂದು ಜನ ಬಂದರು. ಅವರು ಆಡುವಾಗ ಖೇಮಪ್ಪ ಬೆನ್ನ ಹಿಂದೆ ನಿಂತು ತಾನೇ ಅರಚತೊಡಗಿದ: "ಏ, ನಿದ್ದಿ ಮಾಡಾಕತ್ತೀಯೇನ? ಲಗೂ ಮಾಡೋ! ಗಾಡಿ ಹೊರಗ ನಿಂತೈತಿ!" ಏಳು ಮಂದಿ ಗಾಬರಿಯಾಗಿ ಆಟದ ಮಷೀನಿಗೆ ಕೈ ಹಾಕಿ ಸೋತರು. ಅವನು ಮತ್ತೆ ಆಡಿಸಿದ, ಮತ್ತೆ ಅರಚಿದ. ಸಂಜೆಯ ಹೊತ್ತಿಗೆ ಹನ್ನೊಂದೂ ಜನ ಅವನ ಕೂಗಿಗೆ ಕಿವಿಗೊಡದೆ ಮೊದಲು ಮಷೀನು ನಿಲ್ಲಿಸುತ್ತಿದ್ದರು.

ಆಫೀಸಿಗೆ ಕಂಡದ್ದು ಮಾತ್ರ ನಕ್ಷತ್ರ ಇಳಿದದ್ದು. ಇನ್ನು ಮೇಲೆ ಆಡುವವರ ಹತ್ತಿರ ಸುಳಿಯಬೇಡ ಎಂದರು. ಖೇಮಪ್ಪ ಕಾರಣ ಹೇಳಲು ಹೋದ. ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಈಗ ಪೂರ್ತಿ ನಕ್ಷತ್ರ ಗಳಿಸಿ ಹೊರಬಂದವರನ್ನು ಅವನು ಕರೆಂಟ್ ತೆಗೆದ ಮಷೀನಿನ ಮುಂದೆ ಸಾಲಾಗಿ ನಿಲ್ಲಿಸಿ, ಪ್ರತಿಯೊಬ್ಬನ ಕೈ ಮೊದಲು ನಿಲ್ಲಿಸುವ ಬಟನ್ನಿಗೆ ಹೋಗುವವರೆಗೂ ಅರಚುತ್ತಾನೆ. ಅವನ ಗಂಟಲು ಕಟ್ಟಿ ವಾರವಾಯಿತು.