ಕತ್ತಲು ರೋಡಿನ ಆಟ

ಮಕ್ಕಳೇ, ತಾತ ಹೇಗೆ ಹೋದರು ಎಂದು ನೀವು ಕೇಳಿದಾಗಲೆಲ್ಲ, ಅವರ ಲಾರಿ ನಿಂತ ಲಾರಿಗೆ ಗುದ್ದಿತು ಎಂದಷ್ಟೇ ಹೇಳಿದ್ದೇವೆ. ಅದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಉಳಿದದ್ದನ್ನು ಬಾಯಲ್ಲಿ ಹೇಳಲು ನನ್ನಿಂದಾಗದು, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಅಕ್ಕ-ತಮ್ಮ ನಿಮ್ಮಿಬ್ಬರ ಜಗಳದಿಂದಲೇ ಶುರು ಮಾಡುತ್ತೇನೆ. ಅಂದು ನಾನು ಅವರೆಕಾಯಿ ಬಿಡಿಸುತ್ತಾ ಕೂತಿದ್ದೆ. ನಿಮ್ಮ ಅಮ್ಮ ಚಿಕ್ಕವಳಿದ್ದಾಗ ಆಡುತ್ತಿದ್ದ ಕಾರಿನ ಆಟವನ್ನು ಅಕ್ಕ ಎಲ್ಲಿಂದಲೋ ಹುಡುಕಿ ಕಂಪ್ಯೂಟರಿಗೆ ಹಾಕಿದ್ದಳು. ಹೊಸ ಪರದೆಯ ಮೇಲೆ ಅದು ಕತ್ತರಿಸಿ ಅಂಟಿಸಿದ ಬಣ್ಣದ ಕಾಗದದಂತೆ ಕಾಣುತ್ತಿತ್ತು. ಹಳೆಯ ಟಿವಿಯಲ್ಲಿ ಕಂಡಂತೆಯೇ ಕಾಣಬೇಕೆಂದು ಶೇಡರ್ ಎಂಬುದೊಂದನ್ನು ಹಾಕಿ, ಸಣ್ಣ ಸಣ್ಣ ಕಪ್ಪು ಗೆರೆಗಳನ್ನು ಅಡ್ಡಡ್ಡ ತಂದು, ಮೂಲೆಗಳನ್ನು ಬಾಗಿಸಿ, ವಾರವಿಡೀ ಅದರಲ್ಲೇ ಇದ್ದಳು. ಗೆರೆ ಬಂದರೆ ಬೆಳಕು ಕಡಿಮೆಯಾಗುತ್ತದಂತೆ, ಅದಕ್ಕೆ ಬೆಳಕನ್ನೂ ಒಂದಿಷ್ಟು ಏರಿಸಿಟ್ಟಿದ್ದಳು.

"ಅಜ್ಜಿ, ನಿಮ್ಮನಿ ಟಿವಿ ಹಿಂಗ ಕಾಣ್ತಿತ್ತೇನು?" ಎಂದು ಕೇಳಿದಳು.

"ಇನ್ನಾ ಮಬ್ಬು ಇತ್ತವ್ವ. ಬಣ್ಣ ಒಂದಕ್ಕೊಂದು ಸೋರಿದಂಗ."

ಅಷ್ಟರಲ್ಲಿ ತಮ್ಮ ಬಂದು ಕೂತ. ಆಟದಲ್ಲಿ ಹಗಲು ಮುಗಿದು ಕತ್ತಲು ರೋಡು ಬಂತು. ಅಲ್ಲಿ ಮುಂದಿನ ಕಾರು ಕಾಣುವುದಿಲ್ಲ, ಅದರ ಹಿಂದಿನ ಎರಡು ಕೆಂಪು ದೀಪ ಮಾತ್ರ ಕಾಣುತ್ತವೆ.

"ಏನಕ್ಕ ಇದು, ಬರೀ ಕತ್ತಲ ಮಾಡಿಟ್ಟೀಯ! ನಾನೇನು ಗೂಬೆ ಅಂದ್ಕಂಡಿಯೇನು?" ಎಂದು ತಮ್ಮ ಬ್ರೈಟ್‌ನೆಸ್ ಏರಿಸಿದ.

"ಮುಟ್ಟಬ್ಯಾಡಲೇ! ಕರೇದೆಲ್ಲ ಬೂದಿ ಆತು ನೋಡು. ಕಣ್ಣಿಗೆ ಹೊಡೀತದ."

"ನನಗೇನೂ ಹೊಡ್ಯಂಗಿಲ್ಲ. ಇನ್ನಾ ಏರ್ಸು."

ನನ್ನ ಕೈಯಲ್ಲಿದ್ದ ಅವರೆಕಾಯಿ ಹಾಗೇ ಉಳಿಯಿತು. ಆ ಬೂದಿ ಬಣ್ಣದ ಪರದೆಯನ್ನು ನಾನು ಮೊದಲೊಮ್ಮೆ ನೋಡಿದ್ದೆ.

ಆಗ ನಾವು ಮರಿಯಮ್ಮನಹಳ್ಳಿಯಲ್ಲಿದ್ದೆವು. ಮೈನ್ಸ್ ಜೋರಾಗಿದ್ದ ಕಾಲ. ಸಂಡೂರಿನ ಕಡೆಯಿಂದ ಅದಿರು ತುಂಬಿದ ಲಾರಿಗಳು ಒಂದರ ಬಾಲಕ್ಕೊಂದು ಹತ್ತಿಕೊಂಡು ಬರುತ್ತಿದ್ದವು. ನಿಮ್ಮ ತಾತ ಅದರಲ್ಲೊಂದರ ಡ್ರೈವರ್. ಒಗೆದ ಬಟ್ಟೆ ಒಣಗುವಷ್ಟರಲ್ಲಿ ಕೆಂಪಾಗುತ್ತಿತ್ತು, ಮುಚ್ಚಿಟ್ಟ ಹಾಲಿನ ಮೇಲೂ ಧೂಳು ಕೂರುತ್ತಿತ್ತು. ಟಿವಿಯ ಗಾಜು ಧೂಳನ್ನು ಎಳೆದುಕೊಳ್ಳುವಂಥದ್ದು, ಬೆಳಿಗ್ಗೆ ಒರೆಸಿದರೆ ಸಂಜೆಗೆ ಅದರ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದಿತ್ತು.

ಆ ಟಿವಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮನ್ನು ತಾತನೇ ಹೊಸಪೇಟೆಯಿಂದ ತಂದರು. ಮಗಳಿಗೆಂದು ತಂದವರು ಅವಳಿಗಿಂತ ಹೆಚ್ಚು ತಾವೇ ಆಡುತ್ತಿದ್ದರು. ಟಿವಿಯ ಕೆಳಗೆ ಸಣ್ಣ ಮುಚ್ಚಳ ತೆಗೆದರೆ ಬೆಳಕು, ಬಣ್ಣ ಹೆಚ್ಚುಕಡಿಮೆ ಮಾಡುವ ತಿರುಪುಗಳಿದ್ದವು. ಅವರು ಆಡಿ ಎದ್ದ ಮೇಲೆ ಬೆಳಕಿನ ತಿರುಪು ಕೊನೆಯ ತನಕ ತಿರುಗಿರುತ್ತಿತ್ತು. ರಾತ್ರಿಯ ಆಕಾಶವೂ ಒಲೆಯ ಬೂದಿಯಂತೆ ಕಾಣುತ್ತಿತ್ತು. ನಿಮ್ಮ ಅಮ್ಮ ಕಣ್ಣುರಿಯೆಂದು ಅಳುತ್ತಾ ಅದನ್ನು ಇಳಿಸುವಳು, ಅವರು ಮತ್ತೆ ಏರಿಸುವರು.

"ಗಾಜು ಒರೆಸ್ಲೇ, ಧೂಳಿಗೆ ಏನೂ ಕಾಣವಲ್ದು," ಎನ್ನುತ್ತಿದ್ದರು. ನಾನು ಒರೆಸುತ್ತಿದ್ದೆ. ಆಗ ಊರಿನಲ್ಲಿ ಯಾರಿಗೆ ಏನು ಕಾಣದಿದ್ದರೂ ತಪ್ಪನ್ನು ಧೂಳಿನ ಮೇಲೆ ಹಾಕುತ್ತಿದ್ದರು. ಎಲ್ಲರ ಕಣ್ಣೂ ಕೆಂಪಾಗಿರುವಾಗ ಒಬ್ಬರ ಕಣ್ಣನ್ನು ಯಾರು ಗಮನಿಸುತ್ತಾರೆ?

ಆದರೆ ಮನೆಯೊಳಗೆ ನಾನು ನೋಡುತ್ತಿದ್ದೆ. ಮುಸ್ಸಂಜೆ ಕರೆಂಟು ಹೋದರೆ, ದಿನವೂ ಅಲ್ಲೇ ಇರುವ ಕೊಡವನ್ನು ಎಡವುತ್ತಿದ್ದರು. ನಾನು ಬಾಗಿಲ ಪಕ್ಕದಲ್ಲೇ ನಿಂತಿದ್ದರೂ "ಎಲ್ಲಿ ಹೋದಿ?" ಎಂದು ಕೂಗುತ್ತಿದ್ದರು. ಒಂದು ಮಧ್ಯಾಹ್ನ ಮಗಳು ಆಡುತ್ತಿದ್ದಾಗ ಕಿಟಕಿ ಬಾಗಿಲು ಹಾಕಿ, ತಿರುಪನ್ನು ಅವಳಿಗೆ ಚೆನ್ನಾಗಿ ಕಾಣುವಷ್ಟಕ್ಕೆ ಇಳಿಸಿದೆ. ಆಮೇಲೆ ಅವರನ್ನು ಕೂರಿಸಿ ಕತ್ತಲು ರೋಡು ಆಡಿರಿ ಎಂದೆ.

ಒಂದಾದ ಮೇಲೊಂದು ಕಾರಿಗೆ ಗುದ್ದಿದರು. ಮಗಳು ಚಪ್ಪಾಳೆ ತಟ್ಟಿದಳು. "ಅಪ್ಪಾ, ಎದುರಿಗೇ ಐತಲ್ಲ! ಕಣ್ಣು ಮುಚ್ಕಂಡು ಆಡ್ತೀಯೇನು?"

ಅವರು ಕೈಯಲ್ಲಿದ್ದುದನ್ನು ಕೆಳಗಿಟ್ಟರು. "ಟಿವಿ ಹಾಳಾಗೈತಿ."

"ಟಿವಿ ಚಲೋ ಐತ್ರಿ," ಎಂದೆ.

ಮಗಳನ್ನು ಹೊರಗೆ ಕಳಿಸಿ ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ. "ಹೊಸಪೇಟಿ ಕನ್ನಡಕದ ಅಂಗಡ್ಯಾಗ ಕಡೀ ಸಾಲಿನ ತನಕ ಓದೀನಿ. ಹಗಲೊತ್ತು ನನ್ನಂಥ ಕಣ್ಣು ಯಾರಿಗೂ ಇಲ್ಲ."

"ಹೊತ್ತು ಮುಳುಗಿದ ಮ್ಯಾಲೆ?"

"ಮುಂದಿನ ಗಾಡಿ ಕೆಂಪು ದೀಪ ಸಾಕು ನನಗ. ಅದರ ಹಿಂದೇ ಹೋಗೋದು. ಎಷ್ಟು ದಿನ ಹಂಗ ಬಂದಿಲ್ಲ?"

ಬೇರೆ ಕೆಲಸ ನೋಡಿರಿ, ಕೂಲಿಗಾದರೂ ಹೋಗೋಣ ಎಂದು ಕಾಲು ಹಿಡಿದೆ. "ಡ್ರೈವರ್‌ಗೆ ಕಣ್ಣಿಲ್ಲ ಅಂತ ಒಬ್ಬಗ ಗೊತ್ತಾದ್ರ ಊರಿಗೆಲ್ಲ ಗೊತ್ತಾದಂಗ. ಬಾಯಿ ಬಿಡಬ್ಯಾಡ. ಹೊತ್ತು ಮುಳುಗಾದ್ರಾಗ ಮನೀಗೆ ಬರ್ತೀನಿ, ಸಾಕಲ್ಲ?" ಎಂದರು. ಬಂದರು ಕೂಡ. ಕೆಲವು ತಿಂಗಳು, ದೀಪ ಹಚ್ಚುವ ಮೊದಲೇ ಅವರ ಚಪ್ಪಲಿ ಬಾಗಿಲಲ್ಲಿರುತ್ತಿತ್ತು. ದಿನಾ ಅದನ್ನು ನೋಡಿದ ಮೇಲೆಯೇ ನಾನು ದೇವರ ಮುಂದೆ ದೀಪ ಹಚ್ಚುತ್ತಿದ್ದೆ.

ಲಾರಿ ತೂಗುವ ಕಾಟಾದ ಮುಂದೆ ಒಂದು ದಿನ ಸಾಲು ಬಹಳ ಉದ್ದವಿತ್ತಂತೆ. ಅವರು ಅಲ್ಲಿಂದ ಹೊರಡುವಾಗ ಸೂರ್ಯ ಗುಡ್ಡದ ಹಿಂದೆ ಹೋಗಿದ್ದ. ಪಂಕ್ಚರಾದ ಲಾರಿಯೊಂದು ರಸ್ತೆ ಮೇಲೆಯೇ ನಿಂತಿತ್ತು. ಅದರ ಹಿಂದಿನ ದೀಪಗಳ ಮೇಲೆ ಧೂಳು ಗಟ್ಟಿಯಾಗಿ ಮೆತ್ತಿಕೊಂಡು ಬೆಳಕೇ ಹೊರಗೆ ಬರುತ್ತಿರಲಿಲ್ಲ. ಅವರ ಮುಂದಿದ್ದ ಗಾಡಿ ಅದನ್ನು ಕಂಡು ಪಕ್ಕಕ್ಕೆ ತಿರುಗಿಸಿಕೊಂಡು ಹೋಯಿತು. ನಿಮ್ಮ ತಾತ ಬ್ರೇಕು ಒತ್ತಿದ ಗುರುತೇ ರಸ್ತೆಯ ಮೇಲಿರಲಿಲ್ಲ.

ಬಂದವರೆಲ್ಲ ಧೂಳನ್ನು ಬೈದರು, ನಿಂತ ಲಾರಿಯವನನ್ನು ಬೈದರು. ಬಾಯಿ ಬಿಡಬೇಡ ಎಂದು ಅವರು ಹೇಳಿದ್ದು ಅವರು ಹೋದ ಮೇಲೂ ನನ್ನ ಬಾಯಿ ಕಟ್ಟಿತ್ತು. ನಿಮ್ಮ ಅಮ್ಮನಿಗೂ ಗೊತ್ತಿರಲಿಲ್ಲ.

ಅದಕ್ಕೇ ಮೊನ್ನೆ ಮಧ್ಯಾಹ್ನ ನಾನು ಮತ್ತೆ ಕಿಟಕಿ ಹಾಕಿದ್ದು. ನಿನಗೆ ಕಾಣುವಷ್ಟಕ್ಕೆ ಬೆಳಕು ಇಳಿಸು ಎಂದು ಅಕ್ಕನಿಗೆ ಹೇಳಿದೆ. ಅಜ್ಜಿಗೂ ಆಟದ ಹುಚ್ಚು ಹತ್ತಿತೆಂದು ನಕ್ಕಿರಿ. ಮುಂದೆ ಕಾರು ಬಂದ ಕೂಡಲೇ ಹೇಳಬೇಕು ಎಂದೆ. ಅಕ್ಕ ಬಂತು ಬಂತು ಎನ್ನುತ್ತಿದ್ದಳು, ತಮ್ಮ ಗುದ್ದಿದ ಮೇಲೆ ಹೇಳುತ್ತಿದ್ದ.

"ಈ ಸ್ಕ್ರೀನೇ ಸರಿ ಇಲ್ಲಜ್ಜಿ," ಎಂದ.

ಆ ಮಾತು ಕೇಳಿ ನಾನು ಎದ್ದು ಹಿತ್ತಲಿಗೆ ಹೋದೆ. ಮುಖ ತೊಳೆದುಕೊಂಡು ಬಂದು ನಿಮ್ಮ ಅಮ್ಮನನ್ನು ಕರೆದೆ. ಅಂದೇ ಅವಳಿಗೆ ಎಲ್ಲ ಹೇಳಿದೆ.

ಹುಬ್ಬಳ್ಳಿಯ ಡಾಕ್ಟರ ಮುಂದೆ ತಮ್ಮ ಕಡೆಯ ಸಾಲಿನ ತನಕ ಸರಾಗವಾಗಿ ಓದಿದ. ಅಮ್ಮನ ಮುಖ ಅರಳಿತು. ಆಮೇಲೆ ಅವನನ್ನು ಕತ್ತಲ ಕೋಣೆಗೆ ಕರೆದುಕೊಂಡು ಹೋದರು. ಡಾಕ್ಟರು ಹೇಳಿದ ಹೆಸರು ಉದ್ದವಾಗಿತ್ತು, ನಾವು ಇರುಳುಗಣ್ಣು ಎನ್ನುತ್ತೇವೆ. ತಾತನಿಂದ ಮಗಳ ಮೂಲಕ ಮೊಮ್ಮಗನಿಗೆ ಇಳಿಯುವಂಥದ್ದಂತೆ, ಮಗಳಿಗೆ ತನ್ನಲ್ಲಿದೆಯೆಂದೇ ತಿಳಿಯುವುದಿಲ್ಲವಂತೆ. ನಿಧಾನವಾಗಿ ಸುತ್ತಲಿನದೂ ಮುಚ್ಚುತ್ತಾ ಬರಬಹುದಂತೆ. ವಾಸಿಮಾಡುವ ಮದ್ದು ಇದೆಯೆಂದು ಅವರು ಹೇಳಲಿಲ್ಲ. ಬಸ್ಸಿನಲ್ಲಿ ಬರುವಾಗ ನಿಮ್ಮ ಅಮ್ಮ ನನ್ನ ಕಡೆ ನೋಡಲೇ ಇಲ್ಲ. ಅವಳ ಸಿಟ್ಟು ಅವಳಿಗಿರಲಿ.

ಅಪ್ಪೀ, ನಿನಗೆ ಒಂದೇ ಮಾತು. ಕಾಣದಿದ್ದರೆ ಕಾಣುವುದಿಲ್ಲ ಎನ್ನು. ಧೂಳು ಎನ್ನಬೇಡ, ಪರದೆ ಎನ್ನಬೇಡ. ಗಾಡಿ ಓಡಿಸುವ ಕೆಲಸವನ್ನು ಈಗಲೇ ಮನಸ್ಸಿನಿಂದ ತೆಗೆದುಬಿಡು.

ನಿನ್ನೆ ಸಂಜೆ ಅಕ್ಕ ಆ ಕಪ್ಪು ಗೆರೆಗಳನ್ನೆಲ್ಲ ತೆಗೆದುಹಾಕಿದಳು. ಬೆಳಕನ್ನು ಕೊನೆಯ ತನಕ ಏರಿಸಿದಳು. ಪರದೆಯ ರಾತ್ರಿಯೆಲ್ಲ ಬೂದಿಯಾಯಿತು.

"ಈಗ ಕಾಣ್ತದೇನಲೇ?"

ತಮ್ಮ ಪರದೆಯ ಹತ್ತಿರ ಬಗ್ಗಿ ನೋಡಿದ. "ದೀಪ ಕಾಣ್ತಾವು. ರೋಡಿನ ಅಂಚು ಕಾಣವಲ್ದಕ್ಕ," ಎಂದ.

ಅವಳು ಪಕ್ಕಕ್ಕೆ ಸರಿದು ಕೂತು, "ಎಡಕ್ಕ, ಇನ್ನಾ ಎಡಕ್ಕ," ಎಂದು ಹೇಳಿಕೊಡತೊಡಗಿದಳು.